ಚಿತ್ತೆ ಮಳೆ, ಸೈಕ್ಲೋನ್ ಜಡಿ: ಸ್ಪರ್ಧೆಗೆ ಹಾಕಿರುವ ದೈತ್ಯ ಕುಂಬಳವನ್ನು ಜನವರಿವರೆಗೆ ಕಾಪಾಡೋದು ಹೇಗೆ?

ನಂದಿ_ತಪ್ಪಲು
ಅಕ್ಟೋಬರ್ 19

ಎಲ್ಲರಿಗೂ ನಮಸ್ಕಾರ. ಊರು ಚಿಕ್ಕಬಳ್ಳಾಪುರ ತಾಲ್ಲೂಕು, ನಂದಿ ಹೋಬಳಿ. ಜನವರಿ ಕೊನೆ ವಾರದ ಫಲಪುಷ್ಪ ಪ್ರದರ್ಶನದಲ್ಲಿ ತೂಕಕ್ಕಿಡಲು ಅಟ್ಲಾಂಟಿಕ್ ಜೈಂಟ್ ತಳಿಯ ಒಂದೇ ಒಂದು ಗಿಡ ಹಾಕಿದ್ದೇನೆ.

ಬೀಜ ಊರಿದ್ದು ಸೆಪ್ಟೆಂಬರ್ 5, ನಾಟಿ 18ಕ್ಕೆ. ಜಾಗ 25 ಅಡಿಗೆ 25 ಅಡಿ. ಕೆಂಪು ಮಣ್ಣು, ಒಂದೂವರೆ ಅಡಿ ಕೆಳಗೆ ಗರಸು. ಪೂರ್ವಕ್ಕೆ ಸ್ವಲ್ಪ ಇಳಿಜಾರು. ಡ್ರಿಪ್ ಇದೆ. ಮುಖ್ಯ ಬಳ್ಳಿ 9 ಅಡಿ ಹರಿದಿದೆ, ಎರಡೂ ಪಕ್ಕಕ್ಕೆ ನಾಲ್ಕು ನಾಲ್ಕು ಕವಲು ಬಿಟ್ಟಿದ್ದೇನೆ. 7 ಅಡಿ ಹತ್ತಿರ ಒಂದು ಹೆಣ್ಣು ಮೊಗ್ಗಿದೆ, ತುದಿಯಲ್ಲಿ ಇನ್ನೊಂದು ಸಣ್ಣದು ಕಾಣಿಸ್ತಿದೆ.

ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬರ್ತಿದೆ. ಸಂಜೆ ಗುಡುಗು ಮಳೆ ಈಗಾಗಲೇ ಶುರುವಾಗಿದೆ. ಗಾಳಿಗೆ ಬಳ್ಳಿ ತಿರುಚದಂತೆ ಏನು ಮಾಡಬೇಕು? ಮಳೆ ದಿನವೇ ಹೂ ಅರಳಿದರೆ ಪರಾಗ ಕಟ್ಟೋದು ಹೇಗೆ? ಜೋರು ಮಳೆ ಆದಮೇಲೆ ಕಾಯಿ ಸೀಳುತ್ತೆ ಅಂತಾರಲ್ಲ, ಅದನ್ನು ತಡೆಯೋಕೆ ದಾರಿ ಇದೆಯಾ? ಔಷಧಿ ಯಾವುದು, ಯಾವಾಗ? ಗೊತ್ತಿರುವವರು ಅಳತೆ ಸಮೇತ ಹೇಳಿದರೆ ಉಪಕಾರ.

ಕೆಂಪುಮಣ್ಣು_ಕೋಲಾರ
ಅಕ್ಟೋಬರ್ 19

ಅಣ್ಣ, ಮೊದಲು ನೀರು, ಆಮೇಲೆ ಗಾಳಿ. ಸೈಕ್ಲೋನ್ ನಮ್ಮ ಜಿಲ್ಲೆಗಳಿಗೆ ಬರೋ ಹೊತ್ತಿಗೆ ಗಾಳಿಯ ಬಲ ಕುಗ್ಗಿರುತ್ತೆ. ಉಳಿಯೋದು ಎರಡು ಮೂರು ದಿನದ ಬಿಡದ ಜಡಿ ಮತ್ತು ಚಳಿ. 2022ರ ಡಿಸೆಂಬರ್‌ನ ಮ್ಯಾಂಡಸ್, 2024ರ ಫೆಂಗಲ್ ಎರಡರಲ್ಲೂ ಹಾಗೇ ಆಯಿತು. ಕುಂಬಳ ಸಾಯೋದು ಈ ಜಡಿಯಲ್ಲಿ ಬೇರಿಗೆ ಉಸಿರಾಡೋಕೆ ಗಾಳಿ ಸಿಗದೆ.

ನಿಮ್ಮ ಗರಸು ಎಷ್ಟು ನೀರು ಕುಡಿಯುತ್ತೆ ಅಂತ ಇವತ್ತೇ ನೋಡಿ. ಬಳ್ಳಿಯಿಂದ ದೂರ, ಮೂಲೆಯಲ್ಲಿ ಒಂದಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ. ಅದು ಪೂರ್ತಿ ಇಂಗಿದಮೇಲೆ ಎರಡನೇ ಸಲ ತುಂಬಿಸಿ ಗಡಿಯಾರ ನೋಡಿ. ಗಂಟೆಗೆ ಒಂದು ಇಂಚಿಗಿಂತ ಕಡಿಮೆ ಇಳಿದರೆ ಬಸಿಗಾಲುವೆ ಇಲ್ಲದೆ ನಡೆಯಲ್ಲ. ಸುತ್ತಲೂ ಒಂದಡಿ ಅಗಲ, ಒಂದೂವರೆ ಅಡಿ ಆಳ ತೆಗೆದು ಪೂರ್ವದ ಇಳಿಜಾರಿಗೆ ಬಾಯಿ ಬಿಡಿ. ಮೇಲಿನ ಹೊಲದ ನೀರು ಒಳಗೆ ನುಗ್ಗದಂತೆ ಪಶ್ಚಿಮಕ್ಕೆ ಒಂದು ಬದು ಹಾಕಿ. ಕೆರೆ ಗೋಡು ಹೊಡೆಸಿದ್ದರೆ ಇನ್ನೂ ಎಚ್ಚರ ಬೇಕು. ಗೋಡು ಕಾಲುಭಾಗಕ್ಕಿಂತ ಜಾಸ್ತಿ ಇದ್ದರೆ ಮಣ್ಣು ಮಳೆಗೆ ಅಂಟಾಗಿ ಕೂತುಬಿಡುತ್ತೆ.

ಕವಲುಗಳ ನಡುವೆ ಎರಡಿಂಚು ರಾಗಿ ಹುಲ್ಲು ಹಾಸಿ. ಮಣ್ಣು ಎಲೆಗೆ ಸಿಡಿಯೋದು ನಿಲ್ಲುತ್ತೆ, ಕೆಂಪು ಮಣ್ಣು ಮಳೆ ಬಿಟ್ಟಮೇಲೆ ಹೆಪ್ಪುಗಟ್ಟೋದೂ ಕಡಿಮೆ. ಬುಡದ ಸುತ್ತ ಒಂದಡಿ ಮಾತ್ರ ಬೋಳಾಗಿ ಬಿಡಿ. ಓಡಾಡೋಕೆ ಈಗಲೇ ಹಲಗೆ ಹಾಕಿಟ್ಟುಕೊಳ್ಳಿ. ಒದ್ದೆ ಮಣ್ಣಿನ ಮೇಲೆ ಒಬ್ಬರು ನಾಲ್ಕು ಸಲ ತುಳಿದರೆ ಸಾಕು, ಆ ಜಾಗದ ಬೇರು ಉಸಿರು ಕಟ್ಟುತ್ತೆ.

ಇನ್ನು ಗಾಳಿ. ಬಳ್ಳಿಯ ಪ್ರತಿ ಗೆಣ್ಣಲ್ಲೂ ಬೇರಿನ ಮೊಳಕೆ ಇದೆ. ಗೆಣ್ಣಿನ ಕೆಳಗೆ ಎರಡು ಮೂರು ಇಂಚು ಆಳ ಕೆದಕಿ, ಒಂದು ಹಿಡಿ ಹಳೇ ಗೊಬ್ಬರ ಹಾಕಿ, ಬಳ್ಳಿ ಮಲಗಿಸಿ ಗೆಣ್ಣನ್ನು ಮಾತ್ರ ಮಣ್ಣಲ್ಲಿ ಮುಚ್ಚಿ. ಎಲೆ ಕಾಂಡ ನೆಟ್ಟಗೆ ಹೊರಗಿರಲಿ. ಹತ್ತು ದಿನದಲ್ಲಿ ಬೇರು ಹಿಡಿಯುತ್ತೆ. ಹಾಗೆ ಹಿಡಿದ ಬಳ್ಳಿಯನ್ನು ಎರಡು ಕೈಯಲ್ಲಿ ಎಳೆದರೂ ಏಳಲ್ಲ. ಮುಖ್ಯ ಬಳ್ಳಿ, ಕವಲು ಎರಡಕ್ಕೂ ಮಾಡಿ. ಬುಡದಿಂದ ಮೊದಲ ಒಂದಡಿ ಮಾತ್ರ ಹೂಳಬೇಡಿ, ಅಲ್ಲಿ ಗಾಳಿ ಆಡಬೇಕು. ಅದರ ಬದಲು ಆ ಬುಡದ ಎರಡೂ ಪಕ್ಕ ಗೂಟ ಹೊಡೆದು ಆಡದಂತೆ ಮಾಡಿ.

ತುದಿಯ ಎರಡು ಮೂರು ಅಡಿಗೆ ಇನ್ನೂ ಬೇರಿರಲ್ಲ, ಬಿರುಗಾಳಿ ಎತ್ತಿ ಮಗುಚೋದು ಅದನ್ನೇ. ಟೊಮೆಟೊಗೆ ಹಾಕೋ ನೀಲಗಿರಿ ಕಡ್ಡಿಯನ್ನು ಒಂದೂವರೆ ಅಡಿ ತುಂಡು ಮಾಡಿ, ಎರಡೆರಡನ್ನು ಕತ್ತರಿ ಆಕಾರದಲ್ಲಿ ಬಳ್ಳಿಯ ಮೇಲೆ ಅಡ್ಡಲಾಗಿ ಚುಚ್ಚಿ. ಕಟ್ಟಲೇಬೇಕಾದರೆ ವೀಳ್ಯದೆಲೆ ಬಳ್ಳಿಗೆ ಕಟ್ಟುವ ಹಾಗೆ ನೆನೆಸಿದ ಬಾಳೆಪಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ಹುರಿ ಗಾಳಿಗೆ ಗರಗಸದ ಹಾಗೆ ಕೊಯ್ಯುತ್ತೆ.

ತಡೆಗೆ ಶೇಕಡಾ 50ರ ಶೇಡ್ ನೆಟ್, ನಾಲ್ಕಡಿ ಎತ್ತರ ಸಾಕು. ಮೂಲೆಗೆ ಕಲ್ಲುಕೂಚ, ನಡುವೆ ಐದಡಿಗೊಂದು ಗಳ. ತಗಡು, ಟಾರ್ಪಾಲ್ ಕಟ್ಟಬೇಡಿ. ಗಟ್ಟಿ ಗೋಡೆಗೆ ಬಡಿದ ಗಾಳಿ ಮೇಲೆ ಹತ್ತಿ ಆಚೆ ಸುಳಿಯಾಗಿ ಬೀಳುತ್ತೆ, ಅದು ಬಿದ್ದ ಕಡೆ ಎಲೆ ಚಿಂದಿ. ನೆಟ್ ಗಾಳಿಯನ್ನು ಸೋಸಿ ಬಿಡುತ್ತೆ. ಮೊದಲು ಉತ್ತರಕ್ಕೆ, ಆಮೇಲೆ ಪೂರ್ವಕ್ಕೆ ಕಟ್ಟಿ. ಚಂಡಮಾರುತ ಚೆನ್ನೈ ಕಡೆ ಸಮುದ್ರದಲ್ಲಿರುವಾಗ ನಮಗೆ ಬೀಸೋದು ಉತ್ತರದ ಗಾಳಿ, ಅದು ನಮ್ಮ ದಕ್ಷಿಣದಲ್ಲಿ ಒಳನಾಡಿಗೆ ದಾಟಿದರೆ ಪೂರ್ವದ್ದು.

ಶಿಡ್ಲಘಟ್ಟ_ಹಿತ್ತಲು
ಅಕ್ಟೋಬರ್ 20

ಹೂವಿನ ವಿಷಯ ನಾನು ಹೇಳ್ತೀನಿ.

7 ಅಡಿ ಹತ್ತಿರದ ಮೊಗ್ಗು ಕಿತ್ತುಬಿಡಿ ಅಣ್ಣ, ಕಷ್ಟ ಅನಿಸಿದರೂ ಕೀಳಿ. ಅದರ ಹಿಂದೆ ಇರೋ ಎಲೆ ಸಾಲದು. 10ರಿಂದ 12 ಅಡಿ ನಡುವೆ ಬರೋ ಮೊಗ್ಗು ನಿಮ್ಮ ಕಾಯಿ. ತುದಿಯಲ್ಲಿ ಕಾಣ್ತಿರೋದು ಸರಿಯಾಗಿ ಅಲ್ಲೇ ಬರುತ್ತೆ, ನವೆಂಬರ್ ಮೊದಲ ವಾರ ಅರಳಬಹುದು.

ಪರಾಗದ ಕಣಕ್ಕೆ ನೀರು ತಾಗಿದರೆ ಉಬ್ಬಿ ಒಡೆದುಹೋಗುತ್ತೆ. ಮಳೇಲಿ ಕಾಯಿ ಕಚ್ಚದೆ ಇರೋದಕ್ಕೆ ಮುಖ್ಯ ಕಾರಣ ಅದೇ, ಜೊತೆಗೆ ಜೇನು ಬರಲ್ಲ. ಹಾಗಾಗಿ ಕೆಲಸ ಹಿಂದಿನ ಸಂಜೆನೇ ಶುರು ಮಾಡಬೇಕು. ನಾಳೆ ಅರಳೋ ಮೊಗ್ಗಿನ ತುದಿ ಹಿಂದಿನ ಸಂಜೆ ಹಸಿರು ಬಿಟ್ಟು ಹಳದಿ ಆಗಿರುತ್ತೆ. ಹೆಣ್ಣು ಮೊಗ್ಗಿನ ತುದಿಗೆ ಬಟ್ಟೆ ಕ್ಲಿಪ್ ಹಾಕಿ, ಮೇಲೊಂದು ಬಟರ್ ಪೇಪರ್ ಕವರ್ ಬೋರಲು ಹಾಕಿ. ಅದೇ ಹೊತ್ತಿಗೆ ಹಳದಿ ತುದಿಯ ನಾಲ್ಕು ಗಂಡು ಮೊಗ್ಗನ್ನು ಉದ್ದ ತೊಟ್ಟಿನ ಸಮೇತ ಕೊಯ್ದು ಮನೆಯೊಳಗೆ ಲೋಟದ ನೀರಲ್ಲಿ ನಿಲ್ಲಿಸಿ. ಬೆಳಿಗ್ಗೆ ಒಳಗೇ ಅರಳ್ತವೆ, ಒಣಗಿದ ಒಳ್ಳೆ ಪರಾಗ ಸಿಗುತ್ತೆ.

6ರಿಂದ 8 ಗಂಟೆಯೊಳಗೆ ಮುಗಿಸಿ. ಒಬ್ಬರು ಕೊಡೆ ಹಿಡೀಲಿ, ಇನ್ನೊಬ್ಬರು ಗಂಡು ಹೂವಿನ ದಳ ಹರಿದು ನಡುವಿನ ಕಡ್ಡಿಯನ್ನು ಹೆಣ್ಣು ಹೂವಿನ ಒಳಗೆ ಮೆತ್ತಗೆ ಸವರಲಿ. ಅಲ್ಲಿ ನಾಲ್ಕೋ ಐದೋ ಹಾಲೆ ಇರ್ತವೆ, ಒಂದೂ ಬಿಡದೆ ಎಲ್ಲದಕ್ಕೂ ಸಮ ತಾಗಬೇಕು. ಒಂದು ಕಡೆ ಮಾತ್ರ ತಾಗಿದರೆ ಕಾಯಿ ಒಂದೇ ಮಗ್ಗುಲಿಗೆ ಉಬ್ಬುತ್ತೆ. ಆಮೇಲೆ ಮತ್ತೆ ಕ್ಲಿಪ್, ಮತ್ತೆ ಕವರ್, ಎರಡು ದಿನ. ಪ್ಲಾಸ್ಟಿಕ್ ಕವರ್ ಬೇಡ, ಬಿಸಿಲು ಬಂದರೆ ಒಳಗೆ ಬೇಯುತ್ತೆ.

ಒಂದನ್ನೇ ನಂಬಬೇಡಿ. ಮುಂದಿನ ಹೆಣ್ಣು ಹೂವಿಗೂ ಹೀಗೇ ಕಟ್ಟಿ, 20 ದಿನ ಎರಡನ್ನೂ ಬೆಳೆಸಿ, ಸುತ್ತಳತೆ ಚೆನ್ನಾಗಿ ಏರ್ತಿರೋದನ್ನ ಉಳಿಸಿ ಇನ್ನೊಂದನ್ನ ಕೊಯ್ದುಬಿಡಿ.

ಹೂ ಉದುರಿದ ದಿನವೇ ಕಾಯಿಗೆ ನೈಲಾನ್ ಜಾಲರಿ ಚೀಲ ಹಾಕಿ, ಊಜಿ (ಕಾಯಿ ಚುಚ್ಚೋ ಹಣ್ಣಿನ ನೊಣ) ಚುಚ್ಚದ ಹಾಗೆ. ಬಲೆಗೆ ಕ್ಯೂ ಲ್ಯೂರ್ ಅನ್ನೋ ನೊಣ ಸೆಳೆಯೋ ಮದ್ದು ತಗೊಳ್ಳಿ. ಮಾವಿಗೆ ಹಾಕೋ ಮಿಥೈಲ್ ಯೂಜಿನಾಲ್‌ಗೆ ಕುಂಬಳದ ನೊಣ ಬರಲ್ಲ. ಅಂಗಡೀಲಿ ಕೇಳದೆ ಅದನ್ನೇ ಕೊಟ್ಟುಬಿಡ್ತಾರೆ.

ಮಧುಗಿರಿ_ಬಳ್ಳಿ
ಅಕ್ಟೋಬರ್ 20

ಸೀಳುವುದರ ಬಗ್ಗೆ. ಕಾಯಿ ಸೀಳುವುದು ನೀರು ಹೆಚ್ಚಾಗಿದ್ದಕ್ಕಲ್ಲ, ನೀರು ಏಕಾಏಕಿ ಹೆಚ್ಚಾಗಿದ್ದಕ್ಕೆ. ಹತ್ತು ದಿನ ಒಣಗಿಸಿದ ಗಿಡದ ಕಾಯಿಯ ಸಿಪ್ಪೆ ಬಿಗಿದುಕೊಂಡಿರುತ್ತದೆ. ಅಂಥ ಹೊತ್ತಿನಲ್ಲಿ ಎರಡಿಂಚು ಮಳೆ ಬಿದ್ದರೆ ಒಳಗಿನ ತಿರುಳು ಒಂದೇ ರಾತ್ರಿಗೆ ಉಬ್ಬುತ್ತದೆ, ಸಿಪ್ಪೆ ಹಿಗ್ಗುವುದಿಲ್ಲ. ಆದ್ದರಿಂದ ಮಳೆ ಬರುತ್ತದೆಂದು ಮೂರು ದಿನ ಮೊದಲೇ ಡ್ರಿಪ್ ನಿಲ್ಲಿಸುವುದು ದೊಡ್ಡ ತಪ್ಪು. ಮಳೆ ಬೀಳುವವರೆಗೂ ದಿನದ ಲೆಕ್ಕದ ನೀರು ಕೊಡಿ. ಬಿದ್ದ ಮೇಲೆ ನಿಲ್ಲಿಸಿ.

ಲೆಕ್ಕ ಸುಲಭ. 25×25 ಅಡಿ ಅಂದರೆ 58 ಚದರ ಮೀಟರ್. ಎಲೆ ಪೂರ್ತಿ ಮುಚ್ಚಿದ ಮೇಲೆ ಒಣ ದಿನಕ್ಕೆ ಸುಮಾರು 250 ಲೀಟರ್ ಬೇಕು. 1 ಮಿ.ಮೀ. ಮಳೆ ಅಂದರೆ ನಿಮ್ಮ ಜಾಗಕ್ಕೆ 58 ಲೀಟರ್. 25 ಮಿ.ಮೀ. ಬಿದ್ದರೆ 1,450 ಲೀಟರ್, ಅಂದರೆ ಹೆಚ್ಚುಕಡಿಮೆ ಆರು ದಿನದ ನೀರು ಒಂದೇ ಸಂಜೆಗೆ ಬಂತು. ಆರಿಂಚು ಆಳದ ಮಣ್ಣು ಕೈಯಲ್ಲಿ ಉಂಡೆ ಕಟ್ಟುವುದು ನಿಂತ ಮೇಲೆ ಮತ್ತೆ ಡ್ರಿಪ್ ತೆರೆಯಿರಿ. ಹತ್ತು ರೂಪಾಯಿಯ ಸ್ಕೇಲು, ನೆಟ್ಟಗಿನ ಗೋಡೆಯ ಒಂದು ಡಬ್ಬ ಇದ್ದರೆ ಮಳೆ ಅಳೆಯಬಹುದು. ಬಾಯಿ ಮತ್ತು ತಳ ಒಂದೇ ಅಗಲ ಇರಬೇಕು, ಅಷ್ಟೇ.

ಕಾಯಿ ವೇಗವಾಗಿ ಬೆಳೆಯುವುದು ಕಚ್ಚಿದ 20ನೇ ದಿನದಿಂದ 50ನೇ ದಿನದ ನಡುವೆ. ನಿಮ್ಮ ಲೆಕ್ಕದಲ್ಲಿ ಅದು ನವೆಂಬರ್ ಕೊನೆಯಿಂದ ಡಿಸೆಂಬರ್ ಕೊನೆ, ಸೈಕ್ಲೋನ್ ಬರುವ ಕಾಲವೂ ಅದೇ. ಆ ದಿನಗಳಲ್ಲಿ ಎಲ್ಲಾ ಕವಲುಗಳ ತುದಿ ಚಿವುಟಬೇಡಿ. ಎರಡು ಮೂರು ತುದಿ ಬೆಳೆಯುತ್ತಿರಲಿ, ಹೆಚ್ಚಿನ ರಸ ಅತ್ತ ಹೋಗುತ್ತದೆ. ಎಲ್ಲಾ ಬಾಗಿಲು ಮುಚ್ಚಿದರೆ ಒತ್ತಡವೆಲ್ಲ ಕಾಯಿಗೇ.

ಗೊಬ್ಬರ (ನೀರಲ್ಲಿ ಕರಗುವಂಥದ್ದು; ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾವಾರು): ಈಗ 19:19:19 ವಾರಕ್ಕೆ 50 ಗ್ರಾಂ ಡ್ರಿಪ್‌ನಲ್ಲಿ. ಹೂವಿಗೆ ಹತ್ತು ದಿನ ಮೊದಲು 12:61:00 ಅಷ್ಟೇ ಪ್ರಮಾಣ. ಕಾಯಿ ಕಚ್ಚಿದ ಮೇಲೆ 13:00:45, ಆಮೇಲೆ 00:00:50. ಕಾಯಿ ಬೆಳೆಯುವಾಗ ಯೂರಿಯಾ ಮುಟ್ಟಬೇಡಿ. ಸಾರಜನಕ ಹೆಚ್ಚಾದರೆ ತಿರುಳು ಸಿಪ್ಪೆಗಿಂತ ಮುಂದೆ ಓಡುತ್ತದೆ. ವಾರಕ್ಕೊಮ್ಮೆ ಕ್ಯಾಲ್ಸಿಯಂ ನೈಟ್ರೇಟ್ 50 ಗ್ರಾಂ, ಬೇರೆ ದಿನ. ಇದನ್ನು 12:61 ಅಥವಾ 00:00:50 ಜೊತೆ ಒಂದೇ ಡ್ರಮ್ಮಿನಲ್ಲಿ ಕಲಸಿದರೆ ಸುಣ್ಣದಂತೆ ಗಡ್ಡೆಕಟ್ಟಿ ಡ್ರಿಪ್ಪರ್ ಮುಚ್ಚುತ್ತದೆ. ನಮ್ಮ ಬೋರ್‌ವೆಲ್ ನೀರು ಮೊದಲೇ ಗಡಸು.

ಕಾಯಿಯ ಕೆಳಗೆ ನಾಲ್ಕಿಂಚು ಎಂ-ಸ್ಯಾಂಡ್, ನಡುವೆ ಸ್ವಲ್ಪ ದಿಬ್ಬ ಇರಲಿ, ಮೇಲೆ ಎರಡು ಮಡಿಕೆ ಶೇಡ್ ನೆಟ್. ಗೋಣಿಚೀಲ ಹಾಸಬೇಡಿ, ನೀರು ಹಿಡಿದು ತಳ ಕೊಳೆಸುತ್ತದೆ. ಕಾಯಿಯ ಮೇಲೆ ಎರಡಡಿ ಎತ್ತರಕ್ಕೆ ಸಣ್ಣ ಚಪ್ಪರ, ನಾಲ್ಕೂ ಪಕ್ಕ ತೆರೆದಿರಲಿ. ಬಿಸಿಲು ನೇರ ಬಿದ್ದರೆ ಸಿಪ್ಪೆ ಬೇಗ ಗಟ್ಟಿಯಾಗುತ್ತದೆ, ಗಟ್ಟಿಯಾದ ಸಿಪ್ಪೆ ಮುಂದಿನ ಮಳೆಗೆ ಸೀಳುತ್ತದೆ. ಹಳೇ ಬಿಳಿ ಬೆಡ್‌ಶೀಟ್ ಹೊದಿಸಬಹುದು, ಒದ್ದೆಯಾದರೆ ಬದಲಿಸಿ. ತೊಟ್ಟಿನ ಸುತ್ತ ಬಟ್ಟಲಿನಂತೆ ತಗ್ಗಾಗುತ್ತದೆ. ಅಲ್ಲಿ ನಿಂತ ನೀರನ್ನು ಪ್ರತಿ ಮಳೆಯ ನಂತರ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಕಾಯಿಗೆ ತಾಗುವ ಎಲೆ ಕಾಂಡಗಳನ್ನು ಕತ್ತರಿಸಿ. ಅದರ ಮುಳ್ಳು ರೋಮ ಗಾಳಿಗೆ ಉಜ್ಜಿ ಎಳೇ ಸಿಪ್ಪೆಯ ಮೇಲೆ ಗೀರು ಹಾಕುತ್ತದೆ. ಉಗುರಿನ ಗೀರಿನಷ್ಟು ಸಣ್ಣದು, ಕಾಯಿ ಹಿಗ್ಗಿದಂತೆ ಅದೇ ಬಿರುಕಾಗುತ್ತದೆ.

ಇನ್ನೊಂದು ಮಾತು. ಕಾಯಿ ಎತ್ತರವಾದಂತೆ ತೊಟ್ಟು ಬಳ್ಳಿಯನ್ನು ಮೇಲಕ್ಕೆ ಎಳೆಯುತ್ತದೆ. ಕಾಯಿಯ ಆಚೀಚೆ ಎರಡೆರಡು ಗೆಣ್ಣನ್ನು ಮಾತ್ರ ಹೂಳದೆ ಬಿಡಿ, ಬೇರು ಬಿಟ್ಟಿದ್ದರೆ ಕತ್ತರಿಸಿ. ಕಾಯಿ ಕಚ್ಚಿದ ಮೊದಲ ವಾರದಲ್ಲಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ ತೊಟ್ಟು ಬಳ್ಳಿಗೆ ನೇರ ಅಡ್ಡ ಕೋನಕ್ಕೆ ಬರುವಂತೆ ಮಾಡಿ. ಬಿಸಿಲೇರಿದ ಮೇಲೆ ಮಾಡಿ, ಬೆಳಿಗ್ಗೆ ತೊಟ್ಟು ಪೆಡಸಾಗಿರುತ್ತದೆ, ಪಟ್ಟನೆ ಮುರಿಯುತ್ತದೆ.

ಕೆಂಪುಮಣ್ಣು_ಕೋಲಾರ
ಅಕ್ಟೋಬರ್ 21

ಔಷಧಿ ಯಾರೂ ಹೇಳಿಲ್ಲ. ಮಳೆಗೆ ಒಂದು ದಿನ ಮೊದಲು ಮ್ಯಾಂಕೋಜೆಬ್ ಲೀಟರಿಗೆ 2.5 ಗ್ರಾಂ, ಅಂಟು ಸೇರಿಸಿ, ಎಲೆಯ ಅಡಿಗೂ ಬೀಳುವ ಹಾಗೆ. ಜಡಿ ಬಿಟ್ಟಮೇಲೆ ಎಲೆ ಮೇಲೆ ನರಗಳ ನಡುವೆ ಮೂಲೆಮೂಲೆಯಾದ ಹಳದಿ ಮಚ್ಚೆ, ಅಡಿಯಲ್ಲಿ ಬೂದು ಬೂಜು ಕಂಡರೆ ಅದು ಬೂಜು ರೋಗ. ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಸೇರಿದ ಪುಡಿ 2 ಗ್ರಾಂ. ತಾಮ್ರದ ಔಷಧಿ ಚಳಿ ಮೋಡದಲ್ಲಿ ಕುಂಬಳದ ಎಲೆ ಸುಡುತ್ತೆ, ಬೇಡ. ಡಿಸೆಂಬರ್‌ನಲ್ಲಿ ಮಳೆ ನಿಂತು ಇಬ್ಬನಿ ಶುರುವಾದಾಗ ಬೂದಿ ರೋಗ ಬರುತ್ತೆ, ಹೆಕ್ಸಾಕೊನಜೋಲ್ 1 ಮಿ.ಲೀ. ಸಾಕು. ಸಿಂಪಡಣೆ ಎಲ್ಲಾ ಸಂಜೆಯೇ, ಬೆಳಿಗ್ಗೆ ಜೇನು ಇರುತ್ತೆ.

ಗೌರಿಬಿದನೂರು_ಯುವಕ
ಅಕ್ಟೋಬರ್ 23

ಸರ್, ಈ ತಳಿ ಬೀಜ ನಮ್ಮ ಕಡೆ ಸಿಗುತ್ತಾ? ಅರ್ಕ ಚಂದನ್ ಹಾಕಿ ಇದೇ ಥರ ಸಾಕಿದರೆ ದೊಡ್ಡದಾಗಲ್ವಾ? ಹೊರದೇಶದಲ್ಲಿ ಸಾವಿರ ಕೆಜಿ ಅಂತಾರೆ, ನಮ್ಮಲ್ಲಿ ಯಾಕಾಗಲ್ಲ?

ಮಧುಗಿರಿ_ಬಳ್ಳಿ
ಅಕ್ಟೋಬರ್ 23

ತಮ್ಮಾ, ಅರ್ಕ ಚಂದನ್ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅಡುಗೆ ಕುಂಬಳ, ಎರಡು ಮೂರು ಕೆಜಿಗೆ ಅಂತಲೇ ಆಯ್ಕೆ ಮಾಡಿದ್ದು. ಜಾತಿಯೇ ಬೇರೆ. ಅಟ್ಲಾಂಟಿಕ್ ಜೈಂಟ್ ಅನ್ನು ಕೆನಡಾದ ನೋವಾ ಸ್ಕಾಟಿಯಾದ ಹೋವರ್ಡ್ ಡಿಲ್ ವರ್ಷಾನುಗಟ್ಟಲೆ ದೊಡ್ಡ ಕಾಯಿಗೆಂದೇ ಆರಿಸಿ ರೂಪಿಸಿದರು. ಹೊರದೇಶದಿಂದ ಬೀಜ ತರಿಸುವುದಾದರೆ 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಲಕೋಟೆಯಲ್ಲಿ ಸುಮ್ಮನೆ ತರಿಸಬೇಡಿ, ಬೀಜದ ಜೊತೆ ನಂಜು ರೋಗ ಬಂದರೆ ಇಡೀ ಊರಿನ ಸೌತೆ, ಕಲ್ಲಂಗಡಿಗೆ ಹೊಡೆತ.

ತೂಕದ ವಿಷಯಕ್ಕೆ ಬಂದರೆ, 2023ರಲ್ಲಿ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇಯಲ್ಲಿ 1,247 ಕೆಜಿ ತೂಗಿದ ಕಾಯಿ ಬೆಳೆದದ್ದು ಮಿನ್ನೆಸೋಟಾದಲ್ಲಿ. ಅಲ್ಲಿ ಬೇಸಿಗೆಯ ಹಗಲು 15 ಗಂಟೆ ದಾಟುತ್ತದೆ. ನಮ್ಮ ಡಿಸೆಂಬರ್ ಹಗಲು ಹನ್ನೊಂದೂಕಾಲು ಗಂಟೆ ಆಸುಪಾಸು, ಅದರಲ್ಲಿ ಮೋಡ ಬೇರೆ. ಬೇಸಿಗೆಯಲ್ಲಿ ಬೆಳೆಸೋಣ ಅಂದರೆ 32 ಡಿಗ್ರಿ ದಾಟಿದ ಮೇಲೆ ಹೆಣ್ಣು ಮೊಗ್ಗು ಉದುರುತ್ತದೆ, ಭರಣಿ ಮಳೆ ಹೊತ್ತಿಗೆ ಆಲಿಕಲ್ಲು. ಆದ್ದರಿಂದ ನಂದಿ ಸುತ್ತಮುತ್ತ ಸೆಪ್ಟೆಂಬರ್ ಬಿತ್ತನೆಯೇ ಸರಿ. ಇಲ್ಲಿ 100 ಕೆಜಿ ಸದೃಢ ಕಾಯಿ ನಿಲ್ಲಿಸಿದರೆ ಅದು ದೊಡ್ಡ ಸಾಧನೆ, ಮನಸ್ಸು ಬಿಚ್ಚಿ ಹೇಳುತ್ತೇನೆ.

ನಂದಿ_ತಪ್ಪಲು
ನವೆಂಬರ್ 23

ಎಲ್ಲರಿಗೂ ಧನ್ಯವಾದ. ನವೆಂಬರ್ 6ಕ್ಕೆ 11 ಅಡಿಯಲ್ಲಿ ಕಾಯಿ ಕಚ್ಚಿತು, ಈಗ ಸುತ್ತಳತೆ 74 ಸೆಂ.ಮೀ. ಮೂರು ದಿನದ ಜಡಿಯಲ್ಲಿ 68 ಮಿ.ಮೀ. ಬಿತ್ತು. ಗಾಳಿಗೆ ಏನೂ ಆಗಿಲ್ಲ. ಈಗ ಎರಡು ತೊಂದರೆ. ನೆಲ ಒದ್ದೆ ಇದ್ದರೂ ಮಧ್ಯಾಹ್ನ ಎಲೆ ಜೋಲು ಬೀಳ್ತಿವೆ, ನೀರು ಕೊಡಲಾ? ಬುಡದ ಹತ್ತಿರ ಒಂದು ಸೀಳಿನಿಂದ ಬಿಳಿ ನೊರೆ ಬರ್ತಿದೆ, ಹುಳಿ ಹಿಟ್ಟಿನ ವಾಸನೆ.

ಕೆಂಪುಮಣ್ಣು_ಕೋಲಾರ
ನವೆಂಬರ್ 23

ಅಣ್ಣ, ಒಂದು ಹನಿ ನೀರೂ ಬೇಡ. ಬೇರಿಗೆ ಗಾಳಿ ಇಲ್ಲದೆ ನೀರು ಎಳೆಯೋಕಾಗ್ತಿಲ್ಲ, ಅದಕ್ಕೇ ಜೋಲು. ಹಲಗೆ ಮೇಲೆ ನಿಂತು, ಬಳ್ಳಿಯಿಂದ ಎರಡಡಿ ದೂರದಲ್ಲಿ ಮುಳ್ಳುಗುದ್ದಲಿಯನ್ನು ಆರಿಂಚು ಇಳಿಸಿ ಸ್ವಲ್ಪ ಅಲ್ಲಾಡಿಸಿ ತೆಗೆಯಿರಿ. ಮಣ್ಣು ಮಗುಚಬೇಡಿ, ತೂತು ಮಾತ್ರ. ಅಡಿಗೊಂದರಂತೆ ಮಾಡುತ್ತಾ ಹೋಗಿ. ಬಸಿಗಾಲುವೆಯಲ್ಲಿ ಹೂಳು ಕೂತಿದ್ದರೆ ಎತ್ತಿ. ಬೇರು ಸುಧಾರಿಸೋವರೆಗೆ ಎಲೆಗೆ 19:19:19 ಲೀಟರಿಗೆ 3 ಗ್ರಾಂ, ಸಂಜೆ, ನಾಲ್ಕು ದಿನದ ಅಂತರದಲ್ಲಿ ಎರಡು ಸಲ.

ನೊರೆ ಬಂದಿರೋದು ಗಾಯದಲ್ಲಿ ರಸ ಹುಳಿತು ಕೊಳೆಯೋದರಿಂದ. ಚಮಚದ ಅಂಚಿನಲ್ಲಿ ಮೆತ್ತಗಾದ ಭಾಗವನ್ನು ಗಟ್ಟಿ ಹಸಿರು ತಿರುಳು ಕಾಣೋವರೆಗೆ ಕೆರೆದು ತೆಗೆಯಿರಿ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಸೇರಿಸಿ ಬಟ್ಟೆಯಲ್ಲಿ ಒರೆಸಿ. ವೈರ್ ಎಳೆದು ಟೇಬಲ್ ಫ್ಯಾನ್ ಎರಡು ಮೂರು ಗಂಟೆ ಬಿಡಿ, ಒದ್ದೆ ನೆಲದಲ್ಲಿ ಕರೆಂಟು, ಹುಷಾರು, ಜೋಡಣೆ ಹಲಗೆ ಮೇಲೇ ಇರಲಿ. ಪೂರ್ತಿ ಒಣಗಿದಮೇಲೆ ಕ್ಯಾಪ್ಟಾನ್ (ಶಿಲೀಂಧ್ರನಾಶಕ) ಪುಡಿಯನ್ನು ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಹಚ್ಚಿ, ಮೇಲೆ ತಗಡಿನ ಚೂರು ಮಾಡಿನ ಹಾಗೆ ನಿಲ್ಲಿಸಿ. ದಿನಾ ನೋಡಿ, ಮತ್ತೆ ನೊರೆ ಬಂದರೆ ಮತ್ತೆ ಕೆರೆಯಿರಿ. ಬುಡ ಪೂರ್ತಿ ಹೋದರೂ ಹೆದರಬೇಡಿ. ಹೂಳಿದ ಗೆಣ್ಣುಗಳ ಬೇರು ಆಗಲೇ ಕಾಯಿಯನ್ನು ಸಾಕ್ತಿರುತ್ತೆ.

ನಂದಿ_ತಪ್ಪಲು
ಡಿಸೆಂಬರ್ 27

ನೊರೆ ನಿಂತಿದೆ, ಬುಡ ಒಣಗಿ ಗಟ್ಟಿಯಾಗಿದೆ. ಈಗ ತೊಟ್ಟಿನ ಸುತ್ತ ಉಂಗುರದ ಹಾಗೆ ಸಣ್ಣ ಬಿರುಕು ಬಂದಿದೆ, ಕಾಲಿಂಚು ಆಳ. ಸ್ಪರ್ಧೆಯಿಂದ ಹೊರಗಾ? ತೂಕ ಅಂದಾಜು ಮಾಡೋದು ಹೇಗೆ?

ಮಧುಗಿರಿ_ಬಳ್ಳಿ
ಡಿಸೆಂಬರ್ 27

ಬಿರುಕು ಒಳಗಿನ ಪೊಳ್ಳಿಗೆ ತಲುಪಿದ್ದರೆ ಮಾತ್ರ ವಿದೇಶದ ತೂಕದ ಸ್ಪರ್ಧೆಗಳಲ್ಲಿ ಹೊರಗಿಡುತ್ತಾರೆ. ಕೊಳೆತ ಜಾಗ, ಮೆತ್ತಿದ ಮೇಣ, ಅಂಟು ಇದ್ದರೂ ಹೊರಗೆ. ಕಾಲಿಂಚು ಅಂದರೆ ಸಿಪ್ಪೆಯ ಮಟ್ಟದ್ದು. ಒಣ ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಒಣಗಿಸಿ, ಕ್ಯಾಪ್ಟಾನ್ ಪುಡಿ ಉದುರಿಸಿ, ತೂಕಕ್ಕೆ ಮುನ್ನ ಬ್ರಷ್‌ನಲ್ಲಿ ತೆಗೆಯಿರಿ. ಎರಡು ದಿನ ಡ್ರಿಪ್ ಅರ್ಧಕ್ಕೆ ಇಳಿಸಿ. ನಿಮ್ಮ ಪ್ರದರ್ಶನದ ನಿಯಮವನ್ನು ಜಿಲ್ಲಾ ತೋಟಗಾರಿಕೆ ಕಚೇರಿಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಔಷಧಿ ಬಿದ್ದ ಈ ಕಾಯಿಯನ್ನು ಆಮೇಲೆ ಸಾಂಬಾರಿಗೆ ಹಂಚಬೇಡಿ, ಬೀಜ ತೆಗೆದು ಉಳಿದದ್ದು ಗೊಬ್ಬರದ ಗುಂಡಿಗೆ.

ತೂಕಕ್ಕೆ ಟೇಪಿನಲ್ಲಿ ಮೂರು ಅಳತೆ: ನೆಲಕ್ಕೆ ಸಮಾನಾಂತರವಾಗಿ ಸುತ್ತಳತೆ, ತೊಟ್ಟಿನ ಕಡೆ ನೆಲದಿಂದ ಕಾಯಿಯ ಮೇಲೆ ಹಾದು ಹೂ ಕಡೆಯ ನೆಲದವರೆಗೆ, ಅಡ್ಡಲಾಗಿಯೂ ಹಾಗೆಯೇ ನೆಲದಿಂದ ನೆಲಕ್ಕೆ. ಮೂರನ್ನೂ ಕೂಡಿ. ಮೊತ್ತ 508 ಸೆಂ.ಮೀ. ಆದರೆ ಸುಮಾರು 85 ಕೆಜಿ, 610 ಸೆಂ.ಮೀ. ಆದರೆ ಸುಮಾರು 145 ಕೆಜಿ. ಮೂರು ದಿನಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ಅಳೆದು ಬರೆದಿಡಿ. ಏರಿಕೆ ಇದ್ದಕ್ಕಿದ್ದಂತೆ ನಿಂತರೆ ತೊಟ್ಟು ಅಥವಾ ತಳ ನೋಡಿ. ಹೆಗ್ಗಣ ಮರಳಿನ ಕೆಳಗಿಂದ ಕೊರೆಯುವುದೂ ಉಂಟು.

ಶಿಡ್ಲಘಟ್ಟ_ಹಿತ್ತಲು
ಡಿಸೆಂಬರ್ 28

ಸಾಗಿಸೋದನ್ನ ಈಗಲೇ ಯೋಚಿಸಿ ಅಣ್ಣ. ಕೊಯ್ದಮೇಲೆ ದಿನದಿನಕ್ಕೂ ತೂಕ ಇಳಿಯುತ್ತೆ, ಹಾಗಾಗಿ ತೂಕದ ದಿನ ಬೆಳಿಗ್ಗೆಯೇ ಕೊಯ್ಯಿರಿ. ತೊಟ್ಟಿನ ಎರಡೂ ಕಡೆ ಬಳ್ಳಿ ಕತ್ತರಿಸಿ, ತೊಟ್ಟನ್ನ ಹಿಡಿದು ಎತ್ತಲೇಬೇಡಿ. ಕಾಯಿಯನ್ನ ಒಂದು ಮಗ್ಗುಲಿಗೆ ಸ್ವಲ್ಪವೇ ಓರೆ ಮಾಡಿ ದಪ್ಪ ಟಾರ್ಪಾಲ್ ಅರ್ಧ ತೂರಿಸಿ, ಆಮೇಲೆ ಇನ್ನೊಂದು ಮಗ್ಗುಲಿಂದ ಎಳೆದುಕೊಳ್ಳಿ. ಆರು ಜನ, ಎಲ್ಲರೂ ಒಂದೇ ಸಲ ಎತ್ತಬೇಕು. ಗಾಡೀಲಿ ಟ್ರ್ಯಾಕ್ಟರ್ ಟ್ಯೂಬ್ ಅರ್ಧ ಗಾಳಿ ತುಂಬಿಸಿ ಮಲಗಿಸಿ, ನಡುವೆ ರಾಗಿ ಹುಲ್ಲು ತುಂಬಿ, ಅದರ ಮೇಲೆ ಕಾಯಿ ಕೂರಿಸಿ. ಬೆಳೆಯುವಾಗ ನೆಲಕ್ಕೆ ತಾಗಿದ್ದ ಮಗ್ಗುಲೇ ಕೆಳಗೆ ಬರಲಿ.